ಕೊಬ್ಬರಿ ಕೋಣೆಯ ಊದಾ ಪಟ್ಟೆ

ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿ ಕೊಬ್ಬರಿ ಬಸವಲಿಂಗಮ್ಮನ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಒಬ್ಬರೂ ಇರಲಿಲ್ಲ. ಹಾಲಿಗೆ ನೀರು ಬೆರೆಸಿದವಳು ಆಕೆಯ ಜಗಲಿ ಹತ್ತುವ ಮೊದಲೇ, "ಇವತ್ತು ಒಂಚೂರು ನೀರು ಬಿದ್ದೋಗದೆ ಕಣವ್ವ" ಅಂತ ತಾನಾಗಿ ಒಪ್ಪಿಕೊಂಡುಬಿಡುತ್ತಿದ್ದಳು. ಒಪ್ಪಿಕೊಂಡರೆ ಬೈಗುಳ ಒಂದು ಸುತ್ತು. ಒಪ್ಪಿಕೊಳ್ಳದಿದ್ದರೆ ಬೀದಿಯೆಲ್ಲ ಕೇಳುವ ಹಾಗೆ ಮೂರು ಸುತ್ತು. ಯಾವುದು ಲಾಭ ಅಂತ ಹಾಲಿನವಳಿಗೂ ಗೊತ್ತಿತ್ತು.

ಆಕೆಯನ್ನು ಗಟ್ಟಿಗಿತ್ತಿ ಅಂದವರುಂಟು, ಗಯ್ಯಾಳಿ ಅಂದವರೂ ಉಂಟು. ಅನ್ನಲಿ ಬಿಡಿ, ಅಂದವರ್‍ಯಾರೂ ಆಕೆಯ ಕಷ್ಟ ಹಂಚಿಕೊಂಡವರಲ್ಲ. ಬಾಗೂರಿನಲ್ಲಿ ಹುಟ್ಟಿ, ಹನ್ನೊಂದಕ್ಕೆ ಮದುವೆಯಾಗಿ ಈ ಮನೆಗೆ ಬಂದವಳು. ಗಂಡ ತೀರಿಕೊಂಡಾಗ ಮಗ ಷಡಕ್ಷರಿಗೆ ಆರು ವರ್ಷ. ಮೈದುನಂದಿರು ವ್ಯಾಪಾರ ಮುಚ್ಚಿ ಎಂದರು. ಆಕೆ ಸೆರಗು ಬಿಗಿದು ಕೊಬ್ಬರಿ ಮಂಡಿಯಲ್ಲಿ ಕೂತಳು. ಕೊಬ್ಬರಿ ವ್ಯಾಪಾರವೆಲ್ಲ ಇರುವುದು ಕಿವಿಯಲ್ಲಿ. ತೆಂಗಿನಕಾಯಿಯನ್ನು ಒಂದು ವರ್ಷ ಒಣಗಲು ಬಿಟ್ಟು, ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಕಾಯಿ ಸಿದ್ಧ. ಬಸವಲಿಂಗಮ್ಮನ ಕಿವಿ ಒಂದು ದಿನವೂ ತಪ್ಪಿರಲಿಲ್ಲ. "ಮನುಷ್ಯರೂ ಅಷ್ಟೆಯ. ಒಂದ್ಸಲ ಅಲ್ಲಾಡ್ಸಿದ್ರೆ ಒಳಗಿರೋದು ಗೊತ್ತಾಗ್ಬುಡುತ್ತೆ" ಎನ್ನುತ್ತಿದ್ದಳು.

ಇಂಥ ಕಿವಿ ಒಂದೇ ಒಂದು ಸಲ ಕೈಕೊಟ್ಟಿತು. ಅದೂ ಮನೆಯೊಳಗೇ, ಸೊಸೆಯ ವಿಷಯದಲ್ಲಿ.

ಸೊಸೆ ಶಾಂತಕುಮಾರಿ ಅರಕಲಗೂಡು ತಾಲ್ಲೂಕು ಮಲ್ಲಿಪಟ್ಟಣದವಳು, ಅಂಗಡಿ ಚಂದ್ರಯ್ಯನವರ ಒಬ್ಬಳೇ ಮಗಳು. ಬಂದಾಗ ಹದಿನೇಳು ವರ್ಷ. ಮಾತು ಕಮ್ಮಿ, ಕೆಲಸ ಜಾಸ್ತಿ. ಇನ್ನೇನು ಬೇಕು ಅತ್ತೆಗೆ? ಮದುವೆಯಲ್ಲಿ ಚಂದ್ರಯ್ಯನವರು ಬೀಟೆಮರದ ಮಂಚ ಮಾಡಿಸಿ ಕೊಟ್ಟಿದ್ದರು. ಆದರೆ ಆ ಮನೆಯಲ್ಲಿ ಮಂಚ ಹಾಕಲು ಜಾಗವೆಲ್ಲಿ? ಇದ್ದದ್ದು ಒಂದು ನಡುಮನೆ, ಅಡುಗೆಮನೆ, ದೇವರಕೋಣೆ, ಮತ್ತೆ ದೊಡ್ಡದೊಂದು ಕೋಣೆ. ಆ ದೊಡ್ಡ ಕೋಣೆ ಕೊಬ್ಬರಿಗೆ. ಮಂಚವೂ ಅಲ್ಲಿಗೇ ಹೋಯಿತು, ಅದರ ಮೇಲೆ ಕಾಯಿ ರಾಶಿ ಬಿತ್ತು. ಮಗ ಜಗಲಿಯಲ್ಲಿ, ಅತ್ತೆ ಸೊಸೆ ನಡುಮನೆಯಲ್ಲಿ. ಹೊಸ ಗಂಡಹೆಂಡಿರು ಒಬ್ಬರಿಗೊಬ್ಬರು ಎರಡು ಮಾತಾಡಬೇಕಾದರೆ ಹಿತ್ತಲ ಬಸಳೆ ಚಪ್ಪರದ ಕೆಳಗೆ ನೀರು ಸೇದುವ ನೆಪ ಹೂಡಬೇಕಾಗಿತ್ತು. ಕಾಯಿಗೆ ಮಂಚ, ಮನುಷ್ಯರಿಗೆ ಚಾಪೆ! ಅದು ತಪ್ಪು ಅಂತ ಬಸವಲಿಂಗಮ್ಮನಿಗೆ ಹೊಳೆಯಲೇ ಇಲ್ಲ. ತಾನೂ ಹಾಗೇ ಬಾಳಿದವಳು.

ಹುಡುಗಿಗೆ ಒಂದು ಚಾಳಿಯಿತ್ತು. ಒಂದು ಹಳೇ ಊದಾ ಬಣ್ಣದ ರೇಷ್ಮೆ ಸೀರೆಯನ್ನು ಮಡಿಸಿ ತಲೆಯ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು. ಪಕ್ಕದ ಮನೆ ಕಾಮಾಕ್ಷಮ್ಮ ಒಂದು ಬೆಳಿಗ್ಗೆ ಬಂದವಳು ಅದನ್ನು ನೋಡಿ, "ಕೊಬ್ಬರಿ ಮನೇಲಿ ಸೊಸೇಗೊಂದು ದಿಂಬಿಗೂ ಗತಿ ಇಲ್ವೇನ್ರೀ?" ಎಂದು ನಕ್ಕಳು. ಬಸವಲಿಂಗಮ್ಮನಿಗೆ ಉರಿದುಹೋಯಿತು. ಅದೇ ವಾರ ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬೀದಿಗೆ ಬಂದಳು. ಸೊಸೆ ಬಾವಿಯ ಹತ್ತಿರ ಇದ್ದಳು. ಅತ್ತೆ ಆ ಸೀರೆ ಕೊಟ್ಟು ಒಂದು ಹಿತ್ತಾಳೆ ತಂಬಿಗೆ ತೆಗೆದುಕೊಂಡಳು. ಬೂರುಗದ ಹತ್ತಿ ತುಂಬಿದ ಹೊಸ ದಿಂಬನ್ನು ಚಾಪೆಯ ಮೇಲೆ ಇಟ್ಟಳು. ಒಳ್ಳೆಯದನ್ನೇ ಮಾಡಿದೆ ಅಂತ ಆಕೆಯ ಲೆಕ್ಕ.

ಶಾಂತಕುಮಾರಿ ಬಂದು ಚಾಪೆ ಎತ್ತಿ ನೋಡಿದಳು, ಪೆಟ್ಟಿಗೆ ತೆಗೆದು ನೋಡಿದಳು.

"ಏನ್ ಹುಡುಕ್ತಿದ್ದೀಯೆ?"

"ಸೀರೆ, ಅತ್ತೆ."

"ಆ ಚಿಂದೀನಾ? ಪಾತ್ರೆಯೋಳಿಗೆ ಕೊಟ್ಟೆ. ತಂಬಿಗೆ ಬಂತು ನೋಡು. ಯಾಕೆ, ಏನಾಗ್ಬೇಕಿತ್ತು?"

"ಏನಿಲ್ಲ ಬಿಡಿ. ಹಳೇ ಸೀರೆ."

ಸುಳ್ಳು ಅಂತ ಬಸವಲಿಂಗಮ್ಮನ ಕಿವಿಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಯಾತರ ಸುಳ್ಳು ಅಂತ ತಿಳಿಯಲಿಲ್ಲ, ಕೇಳುವ ತಾಳ್ಮೆಯೂ ಇರಲಿಲ್ಲ. ಗೌರಿಹಬ್ಬಕ್ಕೆ ತವರಿಗೆ ಹೋದ ಹುಡುಗಿ ದೀಪಾವಳಿಗೂ ಬರಲಿಲ್ಲ, ಶಿವರಾತ್ರಿಗೂ ಬರಲಿಲ್ಲ. ಷಡಕ್ಷರಿ ಕರೆಯಲು ಹೋದಾಗ ಚಂದ್ರಯ್ಯನವರೇ ಹೇಳಿದರಂತೆ. ಶಾಂತಿಗೆ ಒಂಬತ್ತು ವರ್ಷವಿದ್ದಾಗ ತಾಯಿ ಹೋದಳು. ತಾಯಿಯದು ಅಂತ ಉಳಿದಿದ್ದದ್ದು ಅದೊಂದು ಸೀರೆ. ಅದರ ಮೇಲೆ ತಲೆಯಿಟ್ಟರೇ ಅವಳಿಗೆ ನಿದ್ದೆ.

ಮಗ ಬಂದು ಹೇಳಿದಾಗ ಬಸವಲಿಂಗಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಕೇರುವುದು ನಿಂತಿತು. "ಬಾಯ್ಬಿಟ್ಟು ಹೇಳೋಕೇನಾಗಿತ್ತು ಅವಳಿಗೆ?" ಎಂದು ಗದರಿದಳು. ಗದರಿ, ಎದ್ದುಹೋಗಿ ಹಿತ್ತಲಲ್ಲಿ ಅತ್ತಳು. ಅಯ್ಯೋ, ಗಟ್ಟಿಗಿತ್ತಿಯರು ಅಳುವುದೇ ಹಾಗೆ. ಯಾರಿಗೂ ಕಾಣಬಾರದು.

ಆಮೇಲೆ ಎರಡು ವರ್ಷ ಆಕೆ ಆ ಸೀರೆಯ ಬೆನ್ನು ಹತ್ತಿದಳು. ಪಾತ್ರೆಯವಳು ಹೊಳೆನರಸೀಪುರದ ಕಡೆಯವಳು ಅಂತ ಕೇಳಿ ಅಲ್ಲಿಗೆ ಹೋದಳು. ಹಾಸನದ ಸಂತೆಯಲ್ಲಿ ಹಳೇ ಬಟ್ಟೆಯ ಗುಡ್ಡೆಗಳನ್ನು ಕೈಯಾರೆ ಕೆದಕಿದಳು. ಬಂಧುಗಳ ಮನೆಗೆಂದು ಮೊಸಳೆ ಎಂಬ ಊರಿಗೆ ಹೋದಾಗ ಅಲ್ಲಿ ಯಾರೋ ಹೆಂಗಸು ಉಟ್ಟ ಊದಾ ಸೀರೆ ನೋಡಿ, ಅವಳ ಸೆರಗು ಹಿಡಿದು ಬೆಳಕಿಗೆ ತಿರುಗಿಸಿ ನೋಡಿ ಬೈಸಿಕೊಂಡಳು. ಸೀರೆ ಸಿಗಲಿಲ್ಲ. ಆದರೆ ಹುಡುಕಿ ಹುಡುಕಿ ಆ ಬಣ್ಣ ಮಾತ್ರ ಕಣ್ಣಲ್ಲಿ ಕೂತುಬಿಟ್ಟಿತು. ಮಾಗಿದ ನೇರಳೆಹಣ್ಣನ್ನು ಹಿಚುಕಿದರೆ ಬರುತ್ತದಲ್ಲ, ಸರಿಯಾಗಿ ಅದೇ. ಆ ತಂಬಿಗೆಯಲ್ಲಿ ಆಕೆ ಒಂದು ದಿನವೂ ನೀರು ಕುಡಿಯಲಿಲ್ಲ. ಅಟ್ಟದ ಮೇಲೆ ಬೋರಲು ಹಾಕಿಟ್ಟಳು.

ಷಡಕ್ಷರಿಗೆ ಬೇರೆ ಹೆಣ್ಣು ತರಬೇಕೆಂದು ನೆಂಟರು ಮೆಲ್ಲಗೆ ಮಾತು ಶುರುಮಾಡಿದರು. "ಇರೋ ಸೊಸೇನ ಇಟ್ಕೊಳ್ಳೋಕೆ ಬರ್ಲಿಲ್ಲ ನಂಗೆ, ಇನ್ನೊಬ್ಬಳನ್ನ ತಂದು ಏನ್ ಮಾಡ್ಲಿ?" ಎಂದು ಆಕೆ ಬಾಯಿ ಮುಚ್ಚಿಸಿದಳು. ಮಗನೂ ಒಲ್ಲೆ ಅಂದ. ಅವನು ಸೊರಗಿಹೋಗಿದ್ದ. ಮಂಡಿಯಲ್ಲಿ ಕೂತು ಅದೇ ಕಾಯಿಯನ್ನು ನಾಲ್ಕು ನಾಲ್ಕು ಸಲ ಅಲ್ಲಾಡಿಸುತ್ತಿದ್ದ.

ಕೊನೆಗೆ ಎರಡನೇ ಮಹಾಯುದ್ಧದ ಮೂರನೆಯ ವರ್ಷ, ಪುಷ್ಯಮಾಸದಲ್ಲಿ ಚಂದ್ರಯ್ಯನವರ ಕಾಗದ ಬಂತು. ಅಂಚೆಯಲ್ಲಿ ಸುತ್ತಿ ಸುತ್ತಿ ತಡವಾಗಿ ಬಂದಿತ್ತು. "ಮಗಳಿಗೆ ಅಂತ ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ ಇದ್ದರೆ ಕರೆತರುತ್ತೇನೆ. ಬರುವ ವಾರ ಬಿಟ್ಟು ಅದರ ಮುಂದಿನ ಬುಧವಾರ ಬಂದು ನೋಡುತ್ತೇವೆ. ಅವಳ ಮನಸ್ಸಿಗೆ ಹಿಡಿಸಿದರೆ ಸರಿ. ಇಲ್ಲವಾದರೆ ಸಂಜೆ ಬಸ್ಸಿಗೇ ವಾಪಸ್ಸು, ಇನ್ನು ಈ ಮಾತು ಎತ್ತುವುದು ಬೇಡ." ಬುಧವಾರಕ್ಕೆ ಉಳಿದಿದ್ದದ್ದು ಐದೇ ದಿನ.

ಬಸವಲಿಂಗಮ್ಮ ಕಾಗದವನ್ನು ಮಗನ ಕೈಗೆ ಕೊಟ್ಟವಳೇ ಕೊಬ್ಬರಿ ಕೋಣೆಯ ಬಾಗಿಲು ತೆಗೆದಳು. "ಎಲ್ಲಾ ಆಚೆ ಹಾಕ್ಸು."

"ಕಾಯಿ ಎಲ್ಲಿ ಇಡೋದವ್ವ?"

"ನನ್ನ ತಲೆ ಮೇಲೆ. ನಡುಮನೇಲಿ ಸುರಿಸೋ, ನಾನು ಅದರ ಪಕ್ಕದಲ್ಲಿ ಮಲಕ್ಕೋತೀನಿ."

ಮೂವತ್ತು ವರ್ಷದ ಕೊಬ್ಬರಿ ಎಣ್ಣೆ ಗೋಡೆಗೆ ಇಳಿದಿತ್ತು. ಸುಣ್ಣ ಮಾರುವ ಲಕ್ಕಮ್ಮ ಬಂದು ಮೂಗು ಮುಚ್ಚಿಕೊಂಡಳು. "ಇದ್ಕೆ ಸುಣ್ಣ ಇಡ್ಯಾಕಿಲ್ಲ ಕಣ್ರವ್ವ. ಎಣ್ಣೆ ಗ್ವಾಡೆ ಇದು. ಗಾಣದಂಗದೆ." ಇಬ್ಬರೂ ಸೇರಿ ಬೂದಿ, ಅಂಟುವಾಳದ ನೀರು ಹಾಕಿ ಗೋಡೆ ತಿಕ್ಕಿದರು. ಎರಡು ದಿನ ತಿಕ್ಕಿದ ಮೇಲೆ ಮೂರು ಕೈ ಸುಣ್ಣ ಬಿತ್ತು. ಸೋಮವಾರ ಸಂಜೆಗೆ ಕೋಣೆ ಬಿಳುಪೇರಿತು. ಮಂಚ ತೊಳೆದು ಹಾಕಿದರು. ಅದರ ಮೇಲೆ ಹೊಸ ಬಿಳಿ ದುಪ್ಪಟಿ, ಎರಡು ಬಿಳಿ ದಿಂಬು.

ಬಸವಲಿಂಗಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಚೆನ್ನಾಗೇನೋ ಇತ್ತು, ಆದರೆ ಬರೀ ಬಿಳುಪು. ಇಲ್ಲಿ ಮಲಗುವ ಹುಡುಗಿಯದು ಅಂತ ಅದರಲ್ಲಿ ಏನಿದೆ? ಸೀರೆಯಂತೂ ತರಲಾಗಲಿಲ್ಲ, ಬಣ್ಣವನ್ನಾದರೂ ತರುತ್ತೇನೆ ಅಂತ ಆಕೆಗೆ ಆಗಲೇ ಹೊಳೆದದ್ದು. ತಲೆದಿಸೆಯ ಗೋಡೆಗೆ ಉದ್ದಕ್ಕೂ ಒಂದು ಗೇಣಗಲದ ಊದಾ ಪಟ್ಟೆ. ಕಿಟಕಿಯ ಚೌಕಟ್ಟಿಗೆ ಊದಾ. ದಿಂಬಿನ ಅಂಚಿಗೆ ಊದಾ ನೂಲು. ತಪ್ಪಾಯಿತು ಅನ್ನುವ ಮಾತು ಆಕೆಯ ಬಾಯಿಗೆ ಜನ್ಮದಲ್ಲಿ ಬಂದದ್ದಿಲ್ಲ, ಗೋಡೆಯೇ ಹೇಳಲಿ ಅಂದುಕೊಂಡಳು.

ನೂಲು ಸಿಕ್ಕಿತು. ಬಣ್ಣ ಸಿಗಲಿಲ್ಲ. ಬಣ್ಣದ ಪುಡಿಯೆಲ್ಲ ಜರ್ಮನಿಯದು, ಯುದ್ಧ ಶುರುವಾದ ಮೇಲೆ ಬರುವುದೇ ನಿಂತಿದೆ ಅಂತ ಅಂಗಡಿಯವನು ಕೈ ಅಲ್ಲಾಡಿಸಿಬಿಟ್ಟ. ಷಡಕ್ಷರಿ ಊರೆಲ್ಲ ಅಲೆದು ಗುಮಾಸ್ತರು ಬರೆಯುವ ಒಂದು ಊದಾ ಪೆನ್ಸಿಲು ತಂದ. ನಾಲಿಗೆಗೆ ಒತ್ತಿ ಬರೆದರೆ ಊದಾ ಮೂಡುತ್ತದೆ.

"ಇದನ್ನ ನೆಕ್ಕಿ ನೆಕ್ಕಿ ಗೋಡೆ ಬಳಿಯೋದೇನ್ಲಾ? ನಿನ್ನ ಬುದ್ಧಿಗಿಷ್ಟು!"

ಮಂಗಳವಾರ ಬೆಳಿಗ್ಗೆ ಹಲ್ಲುಜ್ಜಲು ಹಿತ್ತಲಿಗೆ ಹೋದವಳ ಕಣ್ಣಿಗೆ ಬಸಳೆ ಚಪ್ಪರ ಬಿತ್ತು. ಕರಿಮಣಿ ಪೋಣಿಸಿದ ಹಾಗೆ ಹಣ್ಣು. ಒಂದನ್ನು ಹಿಚುಕಿದಳು. ಅಂಗೈಯಲ್ಲಿ ಅದೇ ಬಣ್ಣ! "ನನ್ನಪ್ಪಾ ಶಿವನೇ, ಎರಡು ವರ್ಷ ಊರೂರು ಸುತ್ತಿದೆನಲ್ಲೋ. ಹಿತ್ತಲಲ್ಲೇ ಇಟ್ಕೊಂಡು ಆಟ ಆಡಿಸ್ತಿದ್ಯಾ?"

ಅಟ್ಟ ಹತ್ತಿ ಆ ತಂಬಿಗೆಯನ್ನೇ ಇಳಿಸಿದಳು. ಹಣ್ಣು ಹಿಂಡಿ, ಗೋಂದು ಕದಡಿ, ತಂಬಿಗೆ ತುಂಬ ರಸ ಮಾಡಿಕೊಂಡಳು. ಲಕ್ಕಮ್ಮ ಬಂದು ನೋಡಿದವಳು ತಡೆದಳು. "ಎಂಟು ದಿನಾನಾದ್ರೂ ಗ್ವಾಡೆ ಒಣಗ್ಲಿ ಕಣವ್ವ. ಅಸಿ ಸುಣ್ಣದ ಮ್ಯಾಲೆ ಏನೂ ಬಳೀಬಾರ್ದು."

"ಎಂಟು ದಿನಕ್ಕೆ ನನ್ನ ಸೊಸೆ ಮಲ್ಲಿಪಟ್ಟಣದಲ್ಲಿರ್ತಾಳೆ. ಸುಮ್ನೆ ಏಣಿ ಹಿಡಿ."

ಐವತ್ತೈದು ವರ್ಷದ ಹೆಂಗಸು ಏಣಿ ಹತ್ತಿ, ದಾರ ಕಟ್ಟಿ ಗೆರೆ ಎಳೆದು, ಕೈಯಾರೆ ಪಟ್ಟೆ ಬಳಿದಳು. ಕಿಟಕಿಯ ಮರಕ್ಕೂ ಬಳಿದಳು. ಸಂಜೆಯ ಬಿಸಿಲು ಕಿಟಕಿಯಿಂದ ಬಿದ್ದಾಗ ಆ ಬಿಳಿ ಕೋಣೆಯಲ್ಲಿ ಊದಾ ಪಟ್ಟೆ ಮಿರಮಿರ ಅಂದಿತು. ಮೂಲೆಯಲ್ಲೆಲ್ಲೋ ಅಂಚು ಮಾಸಿದ ಹಾಗೆ ಕಂಡರೂ ಕಣ್ಣಿನ ದೋಷ ಅಂದುಕೊಂಡಳು. ಷಡಕ್ಷರಿ ಬಾಗಿಲಿಗೆ ಒರಗಿ ನಿಂತು ಎಷ್ಟೋ ಹೊತ್ತು ನೋಡಿದ. "ಅವ್ವ, ಅವಳು ಉಳ್ಕೋತಾಳೆ" ಎಂದ. ಆಕೆ ಕೈ ತೊಳೆಯಲು ಹೋದಳು. ಆ ರಾತ್ರಿ ಕಾಯಿ ರಾಶಿಯ ಪಕ್ಕದಲ್ಲಿ ಸುಖವಾಗಿ ನಿದ್ದೆಮಾಡಿದಳು.

ಬೆಳಿಗ್ಗೆ ಎದ್ದು ಕೋಣೆಯ ಬಾಗಿಲು ತೆಗೆದಳು. ಊದಾ ಎಲ್ಲಿ? ಗೋಡೆಯ ಉದ್ದಕ್ಕೂ ಕಂದುಹಳದಿ ಪಟ್ಟೆ. ಕೊಳೆನೀರು ಹರಿದು ಒಣಗಿದ ಹಾಗಿತ್ತು. ಕಿಟಕಿಯ ಮರದ ಮೇಲೆ ಮಾತ್ರ ನಿನ್ನೆಯ ಬಣ್ಣ ನಿಂತಿತ್ತು. ಮರಕ್ಕೆ ಸುಣ್ಣವಿಲ್ಲವಲ್ಲ!

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಅಂತ ಗೊತ್ತಿಲ್ಲದ ಹೆಂಗಸುಂಟೆ? ಆರತಿಯ ನೀರನ್ನು ಸಾವಿರ ಸಲ ಕದಡಿದ ಕೈ ಅದು. ಸುಣ್ಣ ಬಣ್ಣವನ್ನು ತಿರುಗಿಸಿಬಿಡುತ್ತದೆ ಅಂತ ಆಕೆಗೆ ಗೊತ್ತೇ ಇತ್ತು. ಆದರೆ ಬಸಳೆಗೂ ಅದೇ ಗತಿ ಅಂತ ಯೋಚಿಸುವಷ್ಟು ವ್ಯವಧಾನವೆಲ್ಲಿತ್ತು? ಅವಸರಕ್ಕೆ ಬುದ್ಧಿ ಕೊಟ್ಟು ಕೂತಿದ್ದಳು. ಅವತ್ತು ಸೀರೆ ಕೊಟ್ಟದ್ದೂ ಹೀಗೇ.

ಲಕ್ಕಮ್ಮನಿಗೆ ಹೇಳಿಕಳಿಸುವಷ್ಟೂ ತಡೆಯದೆ ತಾನೇ ಸುಣ್ಣ ಕದಡಿ ಏಣಿ ಹತ್ತಿದಳು. ಅರ್ಧ ಗಂಟೆ ಬಳಿದಳು. ಹಸಿ ಸುಣ್ಣದಡಿಯಿಂದ ಕಂದುಹಳದಿ ಮತ್ತೆ ಮತ್ತೆ ಮೇಲೇಳುತ್ತಿತ್ತು. ಅಷ್ಟರಲ್ಲಿ ಷಡಕ್ಷರಿ ಓಡಿಬಂದ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲು ಉರಿಸಿ ಓಡುತ್ತಿದ್ದ ಕಾಲ ಅದು. "ಅವ್ವ, ಇದ್ದಿಲು ಬಸ್ಸು ಬಂತು. ಇವತ್ತು ಹೊತ್ತಿಗೆ ಮುಂಚೆ ಬಂದ್ಬುಟ್ಟಿದೆ. ಇಳಿದು ಬರ್ತಾವ್ರೆ." ಗೋಡೆ ನೋಡಿ ಅವನ ಮುಖ ಬಿಳಿಚಿಕೊಂಡಿತು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, "ಅರಿಶಿನದ ಪಟ್ಟೆ ಅಂತ ಹೇಳ್ಬುಡವ್ವ. ಮನೆ ತುಂಬೋ ಹೆಣ್ಣಿಗೆ ಶುಭ ಅಂತ ಬಳಿಸ್ದೆ ಅನ್ನು. ಯಾರಿಗೆ ಗೊತ್ತಾಗುತ್ತೆ?"

ಹೌದಲ್ಲ! ಹೇಳಿದರೆ ನಡೆದುಹೋಗುವ ಮಾತು. ಚಂದ್ರಯ್ಯನವರಿಗಂತೂ ಸಂತೋಷವೇ ಆಗುತ್ತಿತ್ತು.

ಬೀಗರು ಒಳಗೆ ಬಂದಾಗ ಬಸವಲಿಂಗಮ್ಮ ಇನ್ನೂ ಏಣಿಯ ಮೇಲೆಯೇ ಇದ್ದಳು. ಮುಖಕ್ಕೆ, ಕೂದಲಿಗೆ, ಸೆರಗಿಗೆಲ್ಲ ಸುಣ್ಣ. ಚಂದ್ರಯ್ಯನವರು ಶರಣು ಹೇಳಿ ಕೋಣೆಯನ್ನು ಸುತ್ತ ನೋಡಿದರು. ಮಂಚ ಕಂಡು ಅವರ ಮುಖ ಅರಳಿತು. ಗೋಡೆ ಕಂಡು ಹುಬ್ಬು ಮೇಲೆ ಹೋಯಿತು. "ಇದೇನು ಬೀಗಿತ್ತಿಯವರೇ, ಈ ಪಟ್ಟೆ?"

ಅಪ್ಪನ ಹಿಂದೆ ಶಾಂತಕುಮಾರಿ ನಿಂತಿದ್ದಳು. ಬಡವಾಗಿದ್ದಳು. ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟಿರಲಿಲ್ಲ.

"ಅರಿಶಿನ..." ಎಂದು ಬಸವಲಿಂಗಮ್ಮ ಬಾಯಿ ತೆಗೆದಳು. ಮಾತನ್ನು ಅಲ್ಲಿಗೇ ಬಿಟ್ಟಳು. ಮೆಲ್ಲಗೆ ಏಣಿ ಇಳಿದು ಸೊಸೆಯ ಮುಂದೆ ನಿಂತಳು.

"ಅರಿಶಿನ ಅಲ್ಲ ಕಣಮ್ಮ. ನಿಮ್ಮಮ್ಮನ ಸೀರೆ ಬಣ್ಣ ಬಳೀಬೇಕು ಅಂತಿದ್ದೆ. ಬಸಳೆ ಹಣ್ಣು ಹಿಂಡಿ ಬಳಿದೆ, ನಿನ್ನೆ ಸಂಜೆ ಸರಿಯಾಗಿ ಅದೇ ಬಣ್ಣ ಬಂದಿತ್ತು. ಸುಣ್ಣ ತಿಂದುಬಿಡ್ತು. ಸೀರೆ ಹಾಳುಮಾಡ್ದೆ, ಈಗ ಬಣ್ಣಾನೂ ನನ್ನ ಕೈಲಿ ಹಾಳಾಯ್ತು." ಸೆರಗಿನಿಂದ ಮುಖ ಒರೆಸಿಕೊಂಡಳು. ಸುಣ್ಣ ಇನ್ನಷ್ಟು ಮೆತ್ತಿಕೊಂಡಿತು. "ನಂದು ತಪ್ಪಾಯ್ತು ಶಾಂತಿ. ಉಳ್ಕೊಳ್ಳೋದೂ ಬಿಡೋದೂ ನಿನ್ನಿಷ್ಟ. ಬಸ್ಸು ನಾಲ್ಕು ಗಂಟೆಗೆ."

ಷಡಕ್ಷರಿ ನೆಲ ನೋಡುತ್ತಿದ್ದ. ಶಾಂತಕುಮಾರಿ ಕಿಟಕಿಯ ಹತ್ತಿರ ಹೋಗಿ ಊದಾ ನಿಂತಿದ್ದ ಮರವನ್ನು ಬೆರಳಿಂದ ಸವರಿದಳು. ಕಿಟಕಿಯ ಕಟ್ಟೆಯ ಮೇಲೆ ಆ ತಂಬಿಗೆ ಇತ್ತು, ತಳದಲ್ಲಿ ರಸ ಕರಿದಾಗಿ ಒಣಗಿತ್ತು. ಅದನ್ನು ಎತ್ತಿ ತಳ ನೋಡಿ ಮತ್ತೆ ಅಲ್ಲೇ ಇಟ್ಟಳು. ತಿರುಗಿ ಗೋಡೆಯ ಆ ಕಂದುಹಳದಿ ಪಟ್ಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ಅತ್ತೆಯ ಕೈಯಿಂದ ಸುಣ್ಣದ ಕುಂಚ ತೆಗೆದು ಕೆಳಗಿಟ್ಟಳು.

"ಸುಣ್ಣ ಹಾಕ್ಬೇಡಿ ಅತ್ತೆ. ಅಮ್ಮನ ಸೀರೆ ಒಗೆದೂ ಒಗೆದೂ ಕೊನೆಕೊನೆಗೆ ಹಿಂಗೇ ಆಗಿತ್ತು."

ಸುಳ್ಳು. ಅಪ್ಪಟ ಸುಳ್ಳು. ಆ ಬಣ್ಣಕ್ಕಾಗಿ ಎರಡು ವರ್ಷ ಅಲೆದವಳಿಗೆ ಗೊತ್ತಿಲ್ಲವೆ ಸೀರೆ ಹೇಗಿತ್ತು ಅಂತ? ಪೊಳ್ಳುಕಾಯಿಯನ್ನು ಕಿವಿಗೆ ಹಿಡಿಯುವ ಮೊದಲೇ ಆಚೆಗೆ ಎಸೆಯುತ್ತಿದ್ದ ಬಸವಲಿಂಗಮ್ಮ ಸೊಸೆಯ ಮುಖವನ್ನೇ ನೋಡುತ್ತ ನಿಂತಳು. ಹುಡುಗಿ ಕಣ್ಣು ತಗ್ಗಿಸಲಿಲ್ಲ.

"ಹೌದಾ?" ಎಂದಳು ಅತ್ತೆ. ದನಿ ಬಿದ್ದುಹೋಗಿತ್ತು. "ಹಂಗಿದ್ರೆ ಇರ್ಲಿ ಬಿಡವ್ವ."

ಶಾಂತಕುಮಾರಿ ಗಂಟನ್ನು ಮಂಚದ ಮೇಲಿಟ್ಟಳು. ನಾಲ್ಕು ಗಂಟೆಯ ಬಸ್ಸಿಗೆ ಚಂದ್ರಯ್ಯನವರು ಒಬ್ಬರೇ ಹೋದರು.

ಕಿಟಕಿಯ ಊದಾ ಮೂರು ತಿಂಗಳಲ್ಲಿ ಬಿಸಿಲಿಗೆ ಮಾಸಿಹೋಯಿತು. ಗೋಡೆಯ ಪಟ್ಟೆ ಮಾತ್ರ ಉಳಿಯಿತು. ಮರುವರ್ಷದ ಯುಗಾದಿಗೆ ಸುಣ್ಣ ಹೊತ್ತು ಬಂದ ಲಕ್ಕಮ್ಮ ಆ ಕೋಣೆ ಹೊಕ್ಕು ದನಿ ತೆಗೆದಳು. ಮಂಚದ ಮೇಲೆ ಬಸವಲಿಂಗಮ್ಮನ ಮೊಮ್ಮಗಳು ಕಾಲಾಡಿಸುತ್ತ ಮಲಗಿದ್ದಳು. "ಇದ್ಯಾಕವ್ವ ಈ ಗಲೀಜ್ನ ಇಂಗೇ ಬುಟ್ಟಿದ್ದೀರಿ? ಆವತ್ತೇ ನಾನು ಬ್ಯಾಡ ಅಂದಿದ್ದೆ. ಎರಡು ಕೈ ಸುಣ್ಣ ಒಡದ್ರೆ ಮುಚ್ಚೋಯ್ತದೆ."

"ಮುಟ್ಟಿದ್ರೆ ಕೈ ಮುರೀತೀನಿ" ಎಂದಳು ಬಸವಲಿಂಗಮ್ಮ. ಮಗುವಿನ ಕೆಳಗಿದ್ದ ಬಟ್ಟೆ ಸರಿಮಾಡುತ್ತ, ಲಕ್ಕಮ್ಮನ ಕಣ್ಣಲ್ಲಿ ಕಣ್ಣಿಟ್ಟು, ಒಂದಿಷ್ಟೂ ಅಳುಕದೆ ಹೇಳಿದಳು: "ಅದು ನಮ್ಮ ಬೀಗಿತ್ತಿ ಸೀರೆ ಬಣ್ಣ ಕಣೇ. ಹಿಂಗೇ ಇತ್ತು. ನಾನೇ ಕಣ್ಣಾರೆ ನೋಡಿದ್ದೆ."